ಹೊಳೆಬಾಗಿಲಿನಲ್ಲಿ ಕಂಡ ಬರ್ಲಿನ್ನಿನ ಹೆಬ್ಬಾಗಿಲು

“ಟೋರ್!” ಎಂದು ಪಕ್ಕದಲ್ಲಿದ್ದ ವಿದೇಶಿಯೊಬ್ಬರು ಜೋರಾಗಿ ಅಂದಾಗ ಬೆಚ್ಚಿಬಿದ್ದೆ. ಅರವತ್ತರ ದಶಕದ ಕೊನೆಯ ಮಾತು. ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಿದ್ದೆ. ಊರಿನ ಹೆಸರಿನ ಅರ್ಥ ಕೇಳಿದ್ದರು, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದ್ದೆ. ಹೆಬ್ಬಾಗಿಲಿಗೆ ಜರ್ಮನ್ ಭಾಷೆಯಲ್ಲಿ ಟೋರ್ ಎನ್ನುತ್ತಾರಂತೆ.

ಅವರು ಜೇಬಿನಿಂದ ಒಂದು ಚಿತ್ರ ತೆಗೆದರು. ಬರ್ಲಿನ್ನಿನ ಬ್ರಾಂಡೆನ್‌ಬುರ್ಗ್ ಹೆಬ್ಬಾಗಿಲು. ದಪ್ಪ ಕಂಬಗಳು, ಮೇಲೆ ನಾಲ್ಕು ಕುದುರೆಗಳ ರಥ. ರಾಜನೊಬ್ಬ ಕಟ್ಟಿಸಿದ್ದು. ಆ ಕುದುರೆಗಳನ್ನು ನೆಪೋಲಿಯನ್ ಪ್ಯಾರಿಸ್ಸಿಗೆ ಒಯ್ದಿದ್ದನಂತೆ, ಅವನು ಸೋತ ಮೇಲೆ ಮರಳಿ ಬಂದವಂತೆ. ಇಷ್ಟು ಹೇಳಿ, ಚಿತ್ರದ ಮೇಲೆ ಬೆರಳಿನಿಂದ ಅಡ್ಡಗೆರೆ ಎಳೆದರು.

“ಈಗ ಇಲ್ಲಿ ಮೌವರ್, ಅಂದರೆ ಗೋಡೆ. ನನ್ನ ತಂಗಿ ಆಚೆ ಇದ್ದಾಳೆ. ಹೋಗಲು ಬಿಡುವುದಿಲ್ಲ.”

ನಾನು ತಲೆ ತಗ್ಗಿಸಿದೆ. ನನ್ನ ಅಕ್ಕನ ಮನೆ ಹಿನ್ನೀರಿನ ಆಚೆ ದಡದಲ್ಲೇ ಇತ್ತು. ಅಪ್ಪನ ತಿಥಿಯ ದಿನ ಜಗಳವಾಡಿ ಎರಡು ವರ್ಷದಿಂದ ಮಾತು ಬಿಟ್ಟಿದ್ದೆ. ಆಚೆಯ ಶಾಲೆಗೆ ಪಾಠ ಮಾಡಲು ಹೋಗುವಾಗಲೆಲ್ಲ ಅವಳ ಮನೆಯ ದಾರಿ ದಾಟಿಯೇ ಹೋಗುತ್ತಿದ್ದೆ.

ಲಾಂಚ್ ಹೊರಟಿತು. ಹಿನ್ನೀರು ನೋಡಲಷ್ಟೇ ಬಂದಿದ್ದ ಅವರು ಹತ್ತಲಿಲ್ಲ, ಚಿತ್ರ ಹಿಡಿದು ದಡದಲ್ಲಿ ಒಬ್ಬರೇ ನಿಂತಿದ್ದರು. ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಅಕ್ಕನ ಮನೆಗೆ ಹೋದೆ.

“ಎಂತ ಮಾರಾಯ್ತಿ, ಈಗ ಬಂದ್ಯಾ?” ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ದಡದಲ್ಲಿ ನಿಂತಿದ್ದ ಆ ವಿದೇಶಿಯವರ ಹೆಸರನ್ನು ನಾನು ಕೇಳಿರಲಿಲ್ಲ. ತಂಗಿಯನ್ನು ಮತ್ತೆ ನೋಡಿದರೋ ಇಲ್ಲವೋ ತಿಳಿಯದು. ಅಕ್ಕ ಇದ್ದಷ್ಟು ಕಾಲ, ಮುನಿಸು ಬಂದಾಗಲೆಲ್ಲ ನಾನೇ ಮೊದಲು ಮಾತಾಡಿಸುತ್ತಿದ್ದೆ.