ತವರುಮನಿ ಯಾವೂರವ್ವ?

ಎರ್ರಿಸ್ವಾಮಿ ಸರ್ ಕುರ್ಚಿಯಲ್ಲಿ ಕೂತದ್ದನ್ನು ನಾನು ಒಂದೇ ಸಲ ನೋಡಿದ್ದು. ಬಳ್ಳಾರಿಯ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವರಿಗೊಂದು ಕುರ್ಚಿ ಇತ್ತು. ಅದರ ಮೇಲೆ ಅವರ ಊಟದ ಡಬ್ಬಿ ಕೂರುತ್ತಿತ್ತು. ಅವರು ನಿಂತೇ ತಿನ್ನುವರು.

ಹಸುಗೂಸಿನ ಹಿಮ್ಮಡಿಯಿಂದ ತೆಗೆದ ನಾಲ್ಕು ಹನಿ ರಕ್ತದಲ್ಲಿ ಕಾಮಾಲೆಯ ಹಳದಿ ಮಿದುಳಿಗೇರದಂತೆ ಹಿಡಿದಿಡುವ ಆಲ್ಬುಮಿನ್ ಎಂಬ ಪ್ರೋಟೀನು ಎಷ್ಟಿದೆಯೆಂದು ಅಳೆಯುವುದು ನಮ್ಮ ಕೆಲಸ. ಲಿಕ್ವಿಡ್ ಕ್ರೊಮ್ಯಾಟೋಗ್ರಫಿ ಯಂತ್ರ ಅದನ್ನು ನಿಧಾನವಾಗಿ ಬೇರ್ಪಡಿಸಿ, ಪರದೆಯ ಮೇಲೆ ಗುಡ್ಡದಂಥ ಗೆರೆ ಎಳೆಯುತ್ತದೆ. ಅಷ್ಟು ಹೊತ್ತೂ ಸರ್ ಅಂಗಾಲು ಸುಟ್ಟ ಬೆಕ್ಕಿನಂತೆ ಯಂತ್ರಕ್ಕೂ ಕಿಟಕಿಗೂ ತಿರುಗುವರು. ಕೂಡ್ರಿ ಸರ್ ಎಂದರೆ, "ಗುಡ್ಡ ಸಣ್ಣದಾದ್ರ ಕಾಮಣಿ ನೆತ್ತಿಗೇರತೈತಿ ತಂಗಿ. ಕುಂತು ನೋಡಾಕ ಇದೇನು ಬಯಲಾಟ ಏನು?" ಎನ್ನುವರು.

ಒಂದು ದಿನ ಗುಡ್ಡ ಏಳಲೇ ಇಲ್ಲ. ಸಣ್ಣ ದಿಬ್ಬ, ಅಷ್ಟೇ. ಮರುದಿನ ಅಮಾವಾಸ್ಯೆ, ಅಷ್ಟರೊಳಗೆ ಮನೆ ಸೇರಬೇಕೆಂದು ರಕ್ತ ಕೊಟ್ಟ ಕೂಡಲೇ ಮನೆಯವರು ಕೂಸನ್ನು ಒಯ್ದಿದ್ದರು. ಫೋನು ಹತ್ತಲಿಲ್ಲ. ರಕ್ತದ ಜೊತೆಗಿನ ಚೀಟಿಯಲ್ಲಿ ಕುರುಗೋಡಿನ ವಿಳಾಸವಿತ್ತು. ಸರ್ ಬೈಕ್ ತೆಗೆದರು, ನಾನು ಹಿಂದೆ ಹತ್ತಿದೆ.

ಕುರುಗೋಡಿನಲ್ಲಿ ಜೋಳ ಹಸನು ಮಾಡುತ್ತಿದ್ದ ಬಾಣಂತಿಯ ಅತ್ತೆ ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. "ಬಾಣಂತಿ ಗಂಡನ ಮನ್ಯಾಗ ಯಾಕಿರ್ತಾಳ್ರಿ? ತವರಿಗೆ ಹೋಗ್ಯಾಳ, ಸಿರಿಗೇರಿಗೆ."

ಆ ಚೀಟಿ ಬರೆದದ್ದು ಸರ್ ಅವರೇ. "ನನ್ನ ಮೂರು ಹೆಣ್ಣುಮಕ್ಕಳ ಬಾಣಂತನ ನಮ್ಮ ಮನ್ಯಾಗ ಆಗ್ಯಾವ. ಒಂದು ಮಾತು ಕೇಳಾಕ ನನಗ ಬಾಯಿ ಇರಲಿಲ್ಲೇನು?" ಎಂದು ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಂಡರು. ಸಿರಿಗೇರಿ ಮುಟ್ಟಿದಾಗ ಸಂಜೆಯಾಗಿತ್ತು. ಕೂಸಿನ ಅಂಗಾಲೂ ಅರಿಸಿನ ಬಣ್ಣಕ್ಕೆ ತಿರುಗಿತ್ತು, ಮೊಲೆ ಹಿಡಿಯುತ್ತಿರಲಿಲ್ಲ. ಬಳ್ಳಾರಿಯ ಆಸ್ಪತ್ರೆಗೆ ತಂದೆವು. ಜೀವ ಉಳಿಯಿತು, ಕಿವಿ ಉಳಿಯಲಿಲ್ಲ.

ಅಂದಿನಿಂದ ಪ್ರತಿ ಬಾಣಂತಿಗೂ ಅವರ ಮೊದಲ ಪ್ರಶ್ನೆ, "ತವರುಮನಿ ಯಾವೂರವ್ವ?" ಉತ್ತರವನ್ನು ಚೀಟಿಯ ಹಿಂದೆ ದೊಡ್ಡದಾಗಿ ಬರೆಯುವರು. ಡಾಕ್ಟರುಗಳು ನಗುತ್ತಿದ್ದರು, ನನಗೆ ನಗು ಬರುತ್ತಿರಲಿಲ್ಲ. ಹಬ್ಬ ಬಂದರೆ ಕುರುಗೋಡಿಗೆ ಹೋಗಿ ಕಿವಿ ಕಳೆದುಕೊಂಡ ಆ ಹೆಣ್ಣುಕೂಸು ಪಾರುವಿಗೆ ಹೊಸ ಲಂಗ ಕೊಡುವರು, ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ, ತಿರುಗುತ್ತಾಳೇನೋ ಎಂದು ನೋಡುವರು. ಮರುದಿನ ನನ್ನ ಮುಂದೆ, "ಈ ಸಲ ಹೊಳ್ಳಿ ನೋಡಿದಂಗಾತು ತಂಗಿ," ಎನ್ನುವರು. ನಾನು ಹೌದ್ರಿ ಸರ್ ಎನ್ನುತ್ತಿದ್ದೆ.

ಅವರನ್ನು ಕೊನೆಯ ಸಲ ನೋಡಿದ್ದು ಅವರ ನಿವೃತ್ತಿಯ ದಿನ. ಪಾರುವನ್ನೂ ಅವಳ ತಾಯಿಯನ್ನೂ ಲ್ಯಾಬಿಗೆ ಕರೆಸಿದ್ದರು. ಐದು ವರ್ಷದ ಹುಡುಗಿ ಕಿಟಕಿಯ ಸರಳು ಹಿಡಿದು ರಸ್ತೆ ನೋಡುತ್ತಿದ್ದಳು. ಹಾರ ಹಾಕಿದೊಡನೆ ನಾವೆಲ್ಲ ಒಟ್ಟಿಗೇ ಜೋರಾಗಿ ಚಪ್ಪಾಳೆ ತಟ್ಟಿದೆವು. ಸರ್ ನಮ್ಮ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು.

ಪಾರು ತಿರುಗಲಿಲ್ಲ. ಸರ್ ಊಟದ ಡಬ್ಬಿಯನ್ನು ನೆಲಕ್ಕಿಟ್ಟು ಕುರ್ಚಿಯಲ್ಲಿ ಕೂತರು.