ಹಳ್ಳಿಮೈಸೂರಿಗೆ ದಾರಿ

ಪಶುವೈದ್ಯನ ಕೆಲಸದಿಂದ ನಿವೃತ್ತನಾದರೂ ಜನ ಕರೆಯುವುದು ಬಿಟ್ಟಿಲ್ಲ. ಹೋದ ತಿಂಗಳು ದಾರಿ ತಪ್ಪಿ ತಡವಾಗಿ ಹೋದೆ, ಕರು ಉಳಿಯಲಿಲ್ಲ. ತೋಟಗಳ ನಡುವೆ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಅದಕ್ಕೇ ಕಾರಿಗೊಂದು ಜಿಪಿಎಸ್ ಕೊಳ್ಳಲು ಹೊಳೆನರಸೀಪುರದ ಅಂಗಡಿಗೆ ಹೋದೆ.

ಅಂಗಡಿಯವನು ಎರಡನ್ನು ಮುಂದಿಟ್ಟ. ಅಷ್ಟರಲ್ಲಿ ನನಗೆ ಫೋನ್ ಬಂತು. ಹಳ್ಳಿಮೈಸೂರಿನ ಆಚೆ ಒಂದು ತೋಟದಲ್ಲಿ ಹಸು ಕರು ಹಾಕಲಾಗದೆ ಒದ್ದಾಡುತ್ತಿತ್ತು.

"ಹಳ್ಳಿಮೈಸೂರು ಹಾಕು," ಎಂದೆ. ಒಂದು ಯಂತ್ರ ಮೈಸೂರಿಗೆ ದಾರಿ ತೋರಿಸಿತು. ಇನ್ನೊಂದು ಹುಡುಕುತ್ತಲೇ ಕೂತಿತು.

"ಬುಡಿ ಸಾ, ಅದು ನಮ್ಮತ್ತೆ ಊರು. ನಾನೇ ಬತ್ತೀನಿ," ಎಂದು ಅವನು ಷಟರ್ ಎಳೆದು ಕಾರು ಹತ್ತಿದ.

ದಾರಿಯುದ್ದಕ್ಕೂ ಅತ್ತೆ ಮನೆಯ ಪುರಾಣ. ತಿರುವು ದಾಟಿದ ಮೇಲೆ, "ಅಲ್ಲೇ ಎಡಕ್ಕೆ ಓಗ್ಬೇಕಿತ್ತು ಕಣ್ ಸಾ," ಎನ್ನುವನು. ಎರಡು ಸಲ ಕಾರು ಹಿಂದಕ್ಕೆ ತೆಗೆದೆ. ಆದರೂ ಹೊತ್ತು ಮೀರುವ ಮೊದಲು ತಲುಪಿದೆವು. ಕರುವಿನ ಕಾಲಿಗೆ ಕಟ್ಟಿದ ಹಗ್ಗವನ್ನು ಅವನೂ ಹಿಡಿದು ಎಳೆದ. ಹೆಣ್ಣುಗರು, ಬದುಕಿತು.

ಕೈ ತೊಳೆಯುತ್ತ ಕೇಳಿದ, "ಎರಡ್ರಲ್ಲಿ ಯಾವ್ದು ಕೊಡ್ಲಿ ಸಾ?"

ನನಗೆ ಸಾಕಾಗಿತ್ತು. "ಬಾಯಿ ಮುಚ್ಚಿಸೋ ಬಟನ್ ಯಾವುದರಲ್ಲಿದೆಯೋ ಅದನ್ನ ಕೊಡಪ್ಪ," ಎಂದೆ.