ಲೆಸ್ಟರನ ಲಾಯದಲ್ಲಿ ನನ್ನ ಪಟ್ಟಾಭಿಷೇಕ

ಕಾರ್ಕಳದ ಲೆಸ್ಟರ್ ಗಲ್ಫಿನಲ್ಲಿ ಒಬ್ಬ ಶೇಖನ ಲಾಯದಲ್ಲಿ ಬಹಳ ವರ್ಷ ಕುದುರೆಗಳ ಮೈ ತಿಕ್ಕಿ ಬಂದವನು. ಊರಿಗೆ ಮರಳಿದವರು ಮನೆಗೊಂದು ಮಹಡಿ ಏರಿಸುತ್ತಾರೆ. ಇವನು ಮನೆಯ ಹಿಂದೆ ರಾಜಲಾಯ ಕಟ್ಟಿದ. ಅದರಲ್ಲಿ ಮೂರು ಸಾರೋಟು, ಸುಲ್ತಾನಾ ಎಂಬ ಒಂದೇ ಹೆಣ್ಣುಕುದುರೆ. ಸಿಂಹದ ಮುದ್ರೆಯಿರುವ ಕೆಂಪು ಸಾರೋಟು ಅರಮನೆಯದ್ದಂತೆ. ಯಾವ ಅರಮನೆ ಎಂದು ಕೇಳಿದರೆ, "ಮುಚ್ಚಿಹೋದ ನಾಟಕ ಕಂಪೆನಿಯದ್ದು ಸರ್" ಎಂದು ಪ್ರಾಮಾಣಿಕವಾಗಿ ಹೇಳುತ್ತಾನೆ.

ನಾನು ಅಲ್ಲಿಗೆ ಹೋದದ್ದು ರಾಜಕಾರ್ಯಕ್ಕೆ. ಕಾಪುವಿನ ಹೋಬಳಿ ಸಾಹಿತ್ಯ ಸಮ್ಮೇಳನಕ್ಕೆ ನನ್ನನ್ನು ಅಧ್ಯಕ್ಷನಾಗಿ ಆರಿಸಿದ್ದರು. ಮೊದಲು ಕೇಳಿದ್ದ ಇಬ್ಬರಿಗೆ ಬೇರೆ ಕೆಲಸವಿತ್ತು. ಹಿಂದಿನ ಅಧ್ಯಕ್ಷರ ಮೆರವಣಿಗೆ ತೆರೆದ ಜೀಪಿನಲ್ಲಾಗಿತ್ತು. ನನ್ನದು ಸಾರೋಟಿನಲ್ಲೇ ಎಂದು ಹಟ ಹಿಡಿದೆ. ಯಾವುದೋ ಸನ್ಮಾನದಲ್ಲಿ ಸಿಕ್ಕಿದ್ದ ಜರಿಪೇಟವನ್ನು ಮನೆಯಿಂದಲೇ ತಲೆಗೇರಿಸಿಕೊಂಡು ಹೊರಟೆ. ಉಡುಪಿಯಿಂದ ಕಾರ್ಕಳದವರೆಗೆ ಬಸ್ಸಿನ ಪ್ರಜೆಗಳೆಲ್ಲ ನನ್ನನ್ನೇ ನೋಡಿದರು. ಹೆಂಡತಿ ಶ್ರೀಮತಿ ಮಾತ್ರ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

ಲೆಸ್ಟರನ ಮುಖ ಬಾಡಿತ್ತು. "ಸಾರೋಟು ಉಂಟು ಸರ್. ಸುಲ್ತಾನಾ ಎಳೆಯಬೇಕಲ್ಲ. ಹೋದ ವರ್ಷ ಮದುವೆ ಮೆರವಣಿಗೆಯಲ್ಲಿ ಅವಳ ಕಾಲಬುಡದಲ್ಲೇ ಗರ್ನಾಲು ಪಟಾಕಿ ಸಿಡಿಸಿದರು. ಖಾಲಿ ಗಾಡಿ ಎಳೆಯುತ್ತಾಳೆ. ಮದುಮಗ ಹತ್ತಿದರೆ ಒಂದು ಹೆಜ್ಜೆ ಇಡುವುದಿಲ್ಲ. ಇವತ್ತೂ ಎಳೆಯದಿದ್ದರೆ ಗಾಡಿಗಳು ರೆಸಾರ್ಟಿನವರಿಗೆ. ಹೂಕುಂಡ ಇಡ್ಲಿಕ್ಕಂತೆ."

"ಸಾಹಿತಿಯ ಭಾರ ಎಷ್ಟು ಮಹಾ" ಎಂದು ನಾನು ಸುಲ್ತಾನಾಳ ಮುಂದೆ ನಿಂತು ಫೋಟೊ ತೆಗೆಸಿಕೊಂಡೆ. ಕೆಂಪು ಗಾಡಿ ಏರಿದೆ. ಸ್ಪ್ರಿಂಗು ನರಳಿತು. ಲೆಸ್ಟರ್ ಲಗಾಮು ಆಡಿಸಿದ, ಕೊಂಕಣಿಯಲ್ಲಿ ಬೇಡಿಕೊಂಡ. ಸುಲ್ತಾನಾ ಅಲುಗಲಿಲ್ಲ.

"ನಿಮ್ಮ ಭಾಷಣ ಶುರು ಮಾಡಿ. ತಪ್ಪಿಸಿಕೊಳ್ಳಲಿಕ್ಕಾದರೂ ಓಡುತ್ತಾಳೆ" ಎಂದಳು ಶ್ರೀಮತಿ.

ಮಾಡಿಯೂ ನೋಡಿದೆ. ಸುಲ್ತಾನಾ ಕಿವಿ ಮಡಚಿದಳು, ಅಷ್ಟೆ.

ಲೆಸ್ಟರ್ ಇಳಿದು ಸುಲ್ತಾನಾಳ ಕುತ್ತಿಗೆಗೆ ಹಣೆಯೊತ್ತಿ ನಿಂತ. ಅದನ್ನು ಕಂಡ ಮೇಲೆ ನನಗೂ ತಮಾಷೆ ಸಾಕೆನಿಸಿತು.

"ಆ ಮದುಮಗ ಪೇಟ ಕಟ್ಟಿದ್ದನಾ?" ಶ್ರೀಮತಿ ಕೇಳಿದಳು.

"ಪೇಟ ಇಲ್ಲದೆ ಸಾರೋಟು ಹತ್ತುವವರು ಯಾರುಂಟು ಅಕ್ಕ?"

"ತೆಗೆಯಿರಿ, ನೋಡುವ" ಎಂದು ನನಗೆ ಅಪ್ಪಣೆಯಾಯಿತು.

ನಾನು ಕೆಳಗಿಳಿದು, ಕಿರೀಟವನ್ನು ಶ್ರೀಮತಿಯ ತರಕಾರಿ ಚೀಲಕ್ಕೆ ಒಪ್ಪಿಸಿ, ಸುಲ್ತಾನಾಳ ಮುಂದೆ ಬೋಳುತಲೆ ಬಾಗಿಸಿದೆ. ಅವಳು ಮೂಸಿದಳು. ಆಮೇಲೆ ಒಮ್ಮೆ ಉದ್ದಕ್ಕೆ ನೆಕ್ಕಿದಳು. ಚಕ್ರವರ್ತಿಗಳಿಗೂ ಇಂಥ ಅಭಿಷೇಕ ಆಗಿರಲಾರದು. ಮತ್ತೆ ಗಾಡಿ ಏರಿ ಕುಳಿತೆ. ಚಕ್ರ ತಿರುಗಿತು. ಅಂಗಳ ಸುತ್ತಿ, ಗೇಟು ದಾಟಿ, ರಸ್ತೆಯ ತಿರುವಿನವರೆಗೂ ಸುಲ್ತಾನಾ ನಡೆದಳು. ಮುಂದೆ ಕುಳಿತ ಲೆಸ್ಟರ್ ತೋಳಿನಿಂದ ಮುಖ ಒರೆಸಿಕೊಂಡ. ವಾಪಸು ಬಂದವನೇ ರೆಸಾರ್ಟಿಗೆ ಫೋನು ಮಾಡಿ, "ಹೂಕುಂಡಕ್ಕೆ ಬೇರೆ ಜಾಗ ನೋಡಿ ಮಾರಾಯ್ರೆ" ಎಂದ.

ಸಮ್ಮೇಳನದ ದಿನ ಗರ್ನಾಲಿರಲಿಲ್ಲ. ನನ್ನ ನೆತ್ತಿ ಬಿಸಿಲಿಗೆ ಹೊಳೆಯುತ್ತ ಹೋಯಿತು. ಕಡಲ ದಂಡೆಯಲ್ಲಿರುವುದರ ಜೊತೆಗೆ ಕಾಪುವಿಗೆ ಎರಡನೇ ದೀಪಸ್ತಂಭ ಸಿಕ್ಕಿತೆಂದು ಶ್ರೀಮತಿ ಎಲ್ಲರಿಗೂ ಹೇಳಿದಳು. ಜರಿಪೇಟ ಹಿಂದಿನಿಂದ ಆಟೋದಲ್ಲಿ ಬಂತು.